ನಾಲಗೆಯ ಮೇಲೆ ಕಟ್ಟಿದ ಪಣ

ಜೂಜಿನ ಚರಿತ್ರೆ ದಾಳ, ಇಸ್ಪೀಟು, ಕುದುರೆಗಳಿಗಷ್ಟೇ ಸೀಮಿತವಲ್ಲ. ಅಧಿಕಾರ ಯಾರ ಪಾಲಾಗುತ್ತದೆ ಎಂಬುದರ ಮೇಲೂ ಜನ ಶತಮಾನಗಳಿಂದ ಪಣ ಕಟ್ಟಿದ್ದಾರೆ. ಇಂದು ಆ ಪಣ ರಾಜಕಾರಣಿಯ ನಾಲಗೆಯವರೆಗೂ ಬಂದಿದೆ. ಅಮೆರಿಕದ ಕಾಲ್ಶಿ, ಪಾಲಿಮಾರ್ಕೆಟ್‌ನಂಥ ಜಾಲತಾಣಗಳಲ್ಲಿ, ನಾಯಕನೊಬ್ಬ ತನ್ನ ಭಾಷಣದಲ್ಲಿ ಇಂಥ ಶಬ್ದವನ್ನು ಆಡುತ್ತಾನೋ ಇಲ್ಲವೋ ಎಂಬುದರ ಮೇಲೆ ಹಣ ಹೂಡಲಾಗುತ್ತದೆ. ಮಾತಿನ ಅರ್ಥವಾಗಲಿ, ಅದರ ಸತ್ಯವಾಗಲಿ ಅಲ್ಲಿ ಲೆಕ್ಕಕ್ಕಿಲ್ಲ.

ಇಸ್ಲಾಮೀ ಚರಿತ್ರೆಯಲ್ಲೂ ಇಂಥ ರಾಜಕೀಯ ಪಣದ ಪ್ರಸಂಗವೊಂದಿದೆ. ಪರ್ಷಿಯನ್ನರೆದುರು ಸೋತ ರೋಮನ್ನರು ಕೆಲವೇ ವರ್ಷಗಳಲ್ಲಿ ಗೆಲ್ಲುವರೆಂದು ಪವಿತ್ರ ಕುರ್‌ಆನ್ ಮುನ್ಸೂಚನೆ ನೀಡಿತು. ಅದನ್ನು ನಂಬದ ಮಕ್ಕಾದ ವಿರೋಧಿಗಳೊಂದಿಗೆ ಹಜರತ್ ಅಬೂಬಕರ್(ರ) ಪಣ ಕಟ್ಟಿದರೆಂದು ತಿರ್ಮಿದಿಯಲ್ಲಿ ವರದಿಯಾಗಿದೆ. ಇದು ಜೂಜು ನಿಷಿದ್ಧವಾಗುವ ಮುಂಚಿನ ಮಾತು. ದೂರದ ಆ ಯುದ್ಧದ ಫಲಿತಾಂಶ ಪಣ ಕಟ್ಟಿದ ಯಾರ ಕೈಯಲ್ಲೂ ಇರಲಿಲ್ಲ ಎಂಬುದು ಗಮನಾರ್ಹ.

16ನೇ ಶತಮಾನದ ರೋಮ್ ನಗರದಲ್ಲಿ ಸ್ಥಿತಿ ಬೇರೆಯಾಗಿತ್ತು. ಮುಂದಿನ ಪೋಪ್ ಯಾರೆಂಬುದರ ಮೇಲೆ ಅಲ್ಲಿ ಬಹಿರಂಗವಾಗಿ ಬಾಜಿ ನಡೆಯುತ್ತಿತ್ತು. ಆಯ್ಕೆ ನಡೆಯುವ ಮುಚ್ಚಿದ ಕೋಣೆಯ ಸುದ್ದಿ ಹೊರಗಿನ ದಲ್ಲಾಳಿಗಳನ್ನು ತಲುಪುತ್ತಿತ್ತು. ಕೊನೆಗೆ 1591ರಲ್ಲಿ 14ನೇ ಗ್ರೆಗರಿ ಪೋಪ್, ಇಂಥ ಬಾಜಿ ಕಟ್ಟುವವರನ್ನು ಧರ್ಮದಿಂದ ಬಹಿಷ್ಕರಿಸುವುದಾಗಿ ಆಜ್ಞೆ ಹೊರಡಿಸಿದರು.

ಶಬ್ದದ ಮೇಲಿನ ಬಾಜಿಯಲ್ಲಿ ದಾಳ ಮಾತನಾಡುವವನ ಬಾಯಲ್ಲೇ ಇರುತ್ತದೆ. 2025ರ ಅಕ್ಟೋಬರ್‌ನಲ್ಲಿ ಕಾಯಿನ್‌ಬೇಸ್ ಕಂಪೆನಿಯ ಮುಖ್ಯಸ್ಥ ಬ್ರಯಾನ್ ಆರ್ಮ್‌ಸ್ಟ್ರಾಂಗ್, ಹೂಡಿಕೆದಾರರೊಂದಿಗಿನ ಸಭೆಯ ಕೊನೆಗೆ 'ಬಿಟ್‌ಕಾಯಿನ್', 'ಬ್ಲಾಕ್‌ಚೈನ್' ಮುಂತಾದ ಶಬ್ದಗಳನ್ನು ಸಾಲಾಗಿ ಓದಿಬಿಟ್ಟರು. ಜನ ಬಾಜಿ ಕಟ್ಟಿದ್ದು ಅವೇ ಶಬ್ದಗಳ ಮೇಲೆ! ಅವರಿಗದು ತಮಾಷೆಯಾಗಿತ್ತು. ಆದರೆ ಅದೇ ಕೆಲಸವನ್ನು ಶಾಸನಸಭೆಯಲ್ಲಿ ಒಬ್ಬ ಜನಪ್ರತಿನಿಧಿ ಮಾಡಿದರೆ?

ಸದನದ ಮಾತಿಗೆ ಬೆಲೆ ಕಟ್ಟಿದ ಕಹಿ ಅನುಭವ ನಮಗಿದೆ. ಪ್ರಶ್ನೆ ಕೇಳಲು ಹಣ ಪಡೆದ ಆರೋಪದಲ್ಲಿ 2005ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು 11 ಸದಸ್ಯರನ್ನು ಉಚ್ಚಾಟಿಸಿತು. ಸದನದಲ್ಲಿ ಮಾತನಾಡಲು ಅಥವಾ ಮತ ನೀಡಲು ಲಂಚ ಪಡೆದವರಿಗೆ ಸಂಸದೀಯ ಹಕ್ಕಿನ ರಕ್ಷಣೆ ಇಲ್ಲವೆಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿತು. ಲಂಚವಾದರೆ ಕೊಟ್ಟವನಿರುತ್ತಾನೆ, ಸಾಕ್ಷಿ ಸಿಗಬಹುದು. ಬಾಜಿಯಲ್ಲಿ ಕೊಡುವವನ ಅಗತ್ಯವೇ ಇಲ್ಲ. ಯಾರದೋ ಹೆಸರಿನಲ್ಲಿ ಹಣ ಹೂಡಿ, ಭಾಷಣದ ನಡುವೆ ಒಂದು ಶಬ್ದ ಸೇರಿಸಿದರೆ ಮುಗಿಯಿತು.

ಇಂಥ ಮಾರುಕಟ್ಟೆಗಳಿಂದ ಮುಂದಾಗುವುದನ್ನು ಅಂದಾಜು ಮಾಡಬಹುದು ಎಂದು ವಾದಿಸುವವರಿದ್ದಾರೆ. ಜೂಜಿನಲ್ಲಿ ಯಾವ ಪ್ರಯೋಜನವೂ ಇಲ್ಲವೆಂದು ಕುರ್‌ಆನ್ ಕೂಡ ಹೇಳುವುದಿಲ್ಲ. ಪ್ರಯೋಜನಕ್ಕಿಂತ ಅದರ ಪಾಪವೇ ದೊಡ್ಡದೆಂದು ಎಚ್ಚರಿಸುತ್ತದೆ. ಪ್ರತಿನಿಧಿಯ ಮಾತು ಅವನ ಸ್ವಂತ ಸೊತ್ತಲ್ಲ, ಮತದಾರರು ಅವನಿಗೆ ಒಪ್ಪಿಸಿದ ಅಮಾನತ್ತು. ಅವನು 'ಬಡವ' ಎಂದಾಗ, ಅದು ಬಡವನಿಗಾಗಿ ಆಡಿದ ಮಾತೋ ಬಾಜಿಗಾಗಿ ಆಡಿದ ಮಾತೋ ಎಂದು ನಾವು ಸಂಶಯಪಡುವಂತಾದರೆ, ಆ ಸದನದಲ್ಲಿ ನಮ್ಮ ಪರವಾಗಿ ಮಾತನಾಡುವವರು ಯಾರು?