ನಕಾರದ ಕೊಂಬಿನ ಬೆನ್ನು ಹತ್ತಿ

ಅಫಜಲಪುರ ತಾಲ್ಲೂಕಿನ ಅತನೂರ ಎಂಬ ಊರ ಹೆಸರು ಓದುವವರಿಗೆ ನಾಲ್ಕೇ ಅಕ್ಷರ. ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಉದ್ದ ಕೇಳಿದರೆ 5 ಎಂದು ಉತ್ತರ ಬರುತ್ತದೆ. ನಕಾರ ಒಂದು, ಅದರ ಕೊಂಬಿನ ಇಳಿ ಮತ್ತೊಂದು. ಊರ ಹೆಸರುಗಳನ್ನು ಹುಡುಕುವ ವಿನ್ಯಾಸವೊಂದರಲ್ಲಿ (ರೆಗ್ಯುಲರ್ ಎಕ್ಸ್‌ಪ್ರೆಶನ್), ‘ಇವುಗಳಲ್ಲಿ ಯಾವುದಾದರೂ ಒಂದು’ ಎಂದು ಸೂಚಿಸುವ ಚೌಕ ಆವರಣದೊಳಗೆ ‘ನೂ’ ಹಾಕಿ ನೋಡಿದೆ. ಕೋಡಿನ ಗುಣಮಟ್ಟ ಕಾಯುವ ಇಎಸ್‌ಲಿಂಟ್ ಕೂಡಲೇ ತಡೆಯಿತು: ಇಲ್ಲಿ ಕೂಡಕ್ಷರವಿದೆ, ಇದು ಬಿಡಿಬಿಡಿಯಾಗಿ ಹೊಂದುತ್ತದೆ. ಕನ್ನಡದ ಕೊಂಬಿನ ಸಂಗತಿ ಇದಕ್ಕೆ ಹೇಳಿಕೊಟ್ಟವರು ಯಾರು?

ಹಿಂದಕ್ಕೆ ಹೋದರೆ ಮೊದಲು ಸಿಗುವವರು ಡಗ್ಲಸ್ ಕ್ರಾಕ್‌ಫರ್ಡ್. 2002ರಲ್ಲಿ ಇಂಥದೇ ಕಾವಲು ಸಾಧನ ಜೆಎಸ್‌ಲಿಂಟ್ ಕೊಟ್ಟವರು. ಕೋಡಿನಲ್ಲಿ ಇಡುವ ಹೆಸರುಗಳಿಗೆ ಇಂಗ್ಲಿಷಿನ 26 ಅಕ್ಷರ, ಅಂಕಿ, ಅಡಿಗೆರೆ ಸಾಕು, ಬೇರೆ ಲಿಪಿ ಬೇಡ ಎಂಬುದು ಅವರ ಕಟ್ಟಳೆ. ಅಲ್ಲಿ ನಮಗೆ ಜಾಗವಿಲ್ಲ.

2013ರಲ್ಲಿ ನಿಕೋಲಸ್ ಝಕಾಸ್ ಶುರುಮಾಡಿದ ಇಎಸ್‌ಲಿಂಟ್‌ನ ಕಡತಗಳು ಹುಡುಕುವವರಿಗೆ ಹಬ್ಬ. ಒಂದೊಂದು ನಿಯಮಕ್ಕೆ ಒಂದೊಂದು ಕಡತ, ನೆತ್ತಿಯ ಮೇಲೆ ಬರೆದವರ ಹೆಸರು. ನನ್ನನ್ನು ತಡೆದ ನಿಯಮ ‘ನೋ-ಮಿಸ್‌ಲೀಡಿಂಗ್-ಕ್ಯಾರೆಕ್ಟರ್-ಕ್ಲಾಸ್’, 2018ರಲ್ಲಿ, 5.3ನೇ ಆವೃತ್ತಿಯಲ್ಲಿ ಬಂದದ್ದು. ಬರೆದವರು ಟೊರು ನಾಗಾಶಿಮಾ. ಅದರ ವಿವರಣೆಯ ಉದಾಹರಣೆಗಳಲ್ಲಿ ಸ್ವರಭಾರದ ಚಿಹ್ನೆ ಹೊತ್ತ ರೋಮನ್ ‘ಎ’ ಇದೆ, ಜಪಾನಿನ ಬಾವುಟವಿದೆ, ಅಪ್ಪ-ಅಮ್ಮ-ಮಗುವಿನ ಇಮೋಜಿ ಇದೆ. ಕನ್ನಡವಿಲ್ಲ.

ಗುಟ್ಟು ಇದ್ದದ್ದು ಪಕ್ಕದ ಇನ್ನೊಂದು ಪುಟ್ಟ ಕಡತದಲ್ಲಿ. ಯೂನಿಕೋಡ್ ‘ಗುರುತು’ ಎಂದು ವಿಂಗಡಿಸಿದ ಎಂಸಿ, ಎಂಎನ್, ಎಂಇ ಎಂಬ ಮೂರು ವರ್ಗಗಳಲ್ಲಿ ಯಾವುದೇ ಬಂದರೂ ಹಿಡಿ ಎನ್ನುವ ಒಂದೇ ಸಾಲು. ಕೊಂಬಿನ ಇಳಿ, ಅನುಸ್ವಾರ ಮೊದಲನೆಯದರಲ್ಲಿವೆ. ಗುಡಿಸು, ಹಲಂತ ಎರಡನೆಯದರಲ್ಲಿ. ಲಿಪಿಯ ಹೆಸರೆತ್ತದೆ ಎಲ್ಲ ಲಿಪಿಗಳನ್ನೂ ಕಾಯ್ದ ಈ ಸಾಲನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ. 2019ರ 6ನೇ ಆವೃತ್ತಿಯಲ್ಲಿ ಆ ನಿಯಮ ಶಿಫಾರಸಿನ ಪಟ್ಟಿಗೂ ಸೇರಿತು.

ಆದರೆ ಹುಡುಕುವ ವಿನ್ಯಾಸಗಳಲ್ಲಿ ಊರ ಹೆಸರನ್ನು ನಿಜವಾಗಿ ತಿರಸ್ಕರಿಸುವುದು ಬೇರೆಯದೇ ಚಿಹ್ನೆ: ‘ಪದದ ಅಕ್ಷರ’ ಎಂಬರ್ಥದ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ. ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಬಿಟ್ಟು ಅದಕ್ಕೇನೂ ಗೊತ್ತಿಲ್ಲ. ಜಾವಾಸ್ಕ್ರಿಪ್ಟ್‌ನ ಮಾನದಂಡವಾದ ಇಸಿಎಂಎಸ್ಕ್ರಿಪ್ಟ್‌ನ 2018ರ ಆವೃತ್ತಿ ‘ಯಾವುದೇ ಲಿಪಿಯ ಅಕ್ಷರ’ ಎಂಬ ಗುಂಪನ್ನು ತಂದಿತು, ಸರಿ. ಅದೊಂದನ್ನೇ ಬಳಸಿದರೂ ಅತನೂರ ಹೊರಗೇ, ಏಕೆಂದರೆ ಕೊಂಬು ಅದರ ಲೆಕ್ಕದಲ್ಲಿ ಅಕ್ಷರವಲ್ಲ, ಗುರುತು. ಗುರುತಿನ ಗುಂಪನ್ನೂ ಜೊತೆಗೆ ಸೇರಿಸಬೇಕು.

ಈ ತೊಡಕಿನ ಬಗ್ಗೆ ಎಚ್ಚರಿಸುವ ನಿಯಮ ಇಎಸ್‌ಲಿಂಟ್‌ನ ಮೂಲಪಟ್ಟಿಯಲ್ಲಿ ಇಲ್ಲ. ಪ್ಲಗಿನ್ ಆಗಿ ಯಾರು ಬೇಕಾದರೂ ಬರೆಯಬಹುದು, ಕನ್ನಡದವರೇ ಬರೆಯಬೇಕು. ಪರೀಕ್ಷೆಗೆ ಅತನೂರ, ಆಳಂದ, ಜೇವರ್ಗಿ ಎಂಬ ಮೂರು ಹೆಸರು ಕೊಟ್ಟರೆ ಕೊಂಬು, ಅನುಸ್ವಾರ, ಹಲಂತ ಮೂರೂ ಒಳಗೆ ಬರುತ್ತವೆ.