ಹೆಸರಿನಲ್ಲೇ ಹಸಿರು

ವೆರ್ದೆಲ್ಯು (ನಾ.) ಬಿಸಿಲು ತಾಳುವ ಒಂದು ಬಿಳಿ ದ್ರಾಕ್ಷಿ ತಳಿ, ಅದರ ವೈನ್.

ವೈನ್ ಪಟ್ಟಿಯಲ್ಲಿ ಇದನ್ನು 'ವರ್ಡೆಲ್ಹೊ' ಎಂದು ಓದುವವರುಂಟು. ಪೋರ್ಚುಗೀಸಿನಲ್ಲಿ ಎಲ್, ಎಚ್ ಕೂಡಿದರೆ ನಮ್ಮ 'ಲ್ಯ'ಕ್ಕೆ ಹತ್ತಿರದ ಉಚ್ಚಾರ. ಬೇರು 'ವೆರ್ದೆ', ಅಂದರೆ ಹಸಿರು. ಅದರ ಹಿಂದೆ ಲ್ಯಾಟಿನ್ನಿನ 'ವಿರಿದಿಸ್'. ಸ್ಪೇನಿನ ವೆರ್ದೆಹೊ, ಇಟಲಿಯ ವೆರ್ದಿಕ್ಕಿಯೊ ಹೆಸರುಗಳೂ ಅಲ್ಲಿಂದಲೇ ಬಂದವು. ಆದರೆ ಬಳ್ಳಿಗಳು ಬೇರೆಬೇರೆ. ವೆರ್ದೆಲ್ಯು, ವೆರ್ದೆಹೊ ಎರಡೂ ಒಂದೇ ಎಂದು ಬರೆಯುವುದು ತಪ್ಪು.

ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪದಲ್ಲಿ ಪದದ ಅರ್ಥವೇ ಜಾರಿತು. 1870ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಕೀಟ ಬೇರುಗಳನ್ನು ಹೀರಿ ತೋಟಗಳನ್ನು ಹಾಳುಮಾಡಿತು. ಬಳ್ಳಿ ಅಪರೂಪವಾಯಿತು, ಹೆಸರು ಮಾತ್ರ ಉಳಿಯಿತು. ಬೇರೆ ದ್ರಾಕ್ಷಿಯಿಂದ ಮಾಡಿದ, ಸಿಹಿ ಕಡಿಮೆಯ ವೈನಿನ ಶೀಶೆಗೂ 'ವೆರ್ದೆಲ್ಯು' ಚೀಟಿ ಅಂಟಿತು. ಆ ಹೆಸರು ಹಾಕಬೇಕಾದರೆ ಈಗ ಶೇ 85ರಷ್ಟಾದರೂ ಅದೇ ಹಣ್ಣಿರಬೇಕು. ಬಹಳ ಮೊದಲೇ ಬರಬೇಕಿದ್ದ ನಿಯಮ ಇದು.

ಆಸ್ಟ್ರೇಲಿಯಾದ ಹಂಟರ್, ಸ್ವಾನ್ ಕಣಿವೆಗಳ ಸುಡುಬಿಸಿಲಿನಲ್ಲೂ ಈ ಹಣ್ಣು ತನ್ನ ಹುಳಿ ಬಿಟ್ಟುಕೊಡುವುದಿಲ್ಲ. ಅಲ್ಲಿನವರ ಬಾಯಲ್ಲಿ ಪದ 'ವರ್ಡೆಲೊ' ಆಗಿದೆ. ಮದೀರಾದಲ್ಲಿ ಅದು ವರ್ಷಗಟ್ಟಲೆ ಪೀಪಾಯಿಯಲ್ಲಿ ಮಾಗಿದ ಕಂದುಬಣ್ಣದ ಗಡಸು ವೈನ್. ಆಸ್ಟ್ರೇಲಿಯಾದಲ್ಲಿ ಅನಾನಸ್, ನಿಂಬೆ ಪರಿಮಳದ, ಬೇಗನೆ ಕುಡಿದು ಮುಗಿಸುವ ತಿಳಿ ವೈನ್.