ಚಕಮಕಿ ಕಲ್ಲಿನ ಸಂಚಿ

ಜನವರಿ 1 ಬಂತೆಂದರೆ ನಮ್ಮೆಲ್ಲರ ಗೋಡೆಗಳ ಮೇಲೂ ಕೋರೆಗಾಂವ್ ಸ್ತಂಭ. ಹಾಕಬೇಕಾದ್ದೇ, ನಾನೂ ಹಾಕ್ತೀನಿ. ಆದರೆ 1818ರಲ್ಲಿ ಅಲ್ಲಿ ನಿಂತು ಕಾದಾಡಿದ ಮಹಾರ್ ಸಿಪಾಯಿಗಳ ಕೈಲಿದ್ದ ಬಂದೂಕಿನ ಬಗ್ಗೆ ಯಾರೂ ಬರೆಯಲ್ಲ. ಇವತ್ತು ಆ ಬಂದೂಕಿನ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದಕ್ಕೆ ಬೇಕಿದ್ದ ಚರ್ಮದ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಇದೆ, ಓದಿ.

ಆ ಕಾಲದ ಬಂದೂಕಿಗೆ ಬೆಂಕಿ ಕೊಡ್ತಿದ್ದದ್ದು ಚಕಮಕಿ ಕಲ್ಲು. ಹೆಬ್ಬೆರಳ ತುದಿಯಷ್ಟು ಕಲ್ಲನ್ನು ಕಬ್ಬಿಣದ ಎರಡು ದವಡೆ ಕಚ್ಚಿ ಹಿಡಿದಿರುತ್ತವೆ. ಕುದುರೆ ಎಳೆದರೆ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರಿ ಮದ್ದಿಗೆ ಬೀಳುತ್ತೆ. ಕಬ್ಬಿಣ ಮಾತ್ರ ಕಲ್ಲನ್ನು ನೆಟ್ಟಗೆ ಹಿಡಿಯಲ್ಲ. ಜಾರುತ್ತೆ, ಇಲ್ಲಾ ಕಲ್ಲೇ ಒಡೆಯುತ್ತೆ. ಅದಕ್ಕೇ ನಡುವೆ ಒಂದು ತುಂಡು ಚರ್ಮ ಮಡಚಿ ಇಡ್ತಿದ್ದರು, ಇಲ್ಲವೇ ತೆಳು ಸೀಸ. 20-30 ಗುಂಡು ಹಾರಿಸೋ ಹೊತ್ತಿಗೆ ಕಲ್ಲಿನ ಅಂಚು ಮೊಂಡು. ಬೇರೆ ಕಲ್ಲು ಜೊತೆಗಿಲ್ಲದಿದ್ದರೆ ಬಂದೂಕು ಬರೀ ದೊಣ್ಣೆ.

ಆ ಬಿಡಿ ಕಲ್ಲುಗಳನ್ನು ಒಟ್ಟಿಗೆ ತುಂಬಿಕೊಂಡು ಓಡಾಡುವಂತಿಲ್ಲ. ಒಂದಕ್ಕೊಂದು ತಾಗಿ ಅಂಚು ಮುಕ್ಕಾಗುತ್ತೆ, ಅಂಚು ಹೋದರೆ ಕಿಡಿಯಿಲ್ಲ. ಹಾಗಾಗಿ ಬೇಕಾದದ್ದು ನಮ್ಮ ಅಜ್ಜಿಯರ ಎಲೆ-ಅಡಿಕೆ ಸಂಚಿಯಂಥದ್ದು, ಚರ್ಮದ್ದು, ಒಂದೊಂದು ಕಲ್ಲಿಗೂ ಒಂದೊಂದು ಮನೆ. ನಮ್ಮಜ್ಜನ ರಂಪಿಗೆ ನೋಡಿ ಬೆಳೆದವನಿಗೆ ಈ ಕೆಲಸ ಕಣ್ಣಿಗೆ ಕಟ್ಟುತ್ತೆ. ಹೊರಗೆ ದನದ ಚರ್ಮ, ಒಳಗೆ ಮೆತ್ತನೆ ಮೇಕೆ ಚರ್ಮ. ಮಡಿಕೆ ಬರೋ ಕಡೆ ರಂಪಿಗೆಯಿಂದ ಹೆರೆದು ತೆಳ್ಳಗೆ ಮಾಡಬೇಕು. ಮೇಣ ಹಚ್ಚಿದ ದಾರದಲ್ಲಿ ಸಾಲು ಸಾಲು ಹೊಲಿಗೆ ಹಾಕಿದರೆ ಮನೆಗಳು ಬೇರೆಯಾಗ್ತವೆ. ಮೇಲೆ ಉದ್ದ ಮುಚ್ಚಳ, ಕಟ್ಟೋಕೆ ಚರ್ಮದ ದಾರ. ಆಮೇಲೆ ಒದ್ದೆ ಮಾಡಿ, ಕಲ್ಲು ಒಳಗಿಟ್ಟೇ ಒಣಗಿಸಿದರೆ ಚರ್ಮ ಕಲ್ಲಿನ ಆಕಾರ ಹಿಡಿಯುತ್ತೆ. ಓಡಿದರೂ ಅಲುಗಾಡಲ್ಲ. ಅಂಗೈ ಅಗಲದ ಸಂಚಿ, ಆದರೆ ಹದ ಗೊತ್ತಿಲ್ಲದವನ ಕೈಗೆ ಬರೋ ಕೆಲಸ ಅಲ್ಲ.

ಈ ಹದ ಯಾರದು? ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಬುಕಾನನ್ ಬೆಂಗಳೂರಲ್ಲಿ ಮಾದಿಗರು ಚರ್ಮ ಹದ ಮಾಡೋದನ್ನು ಬರೆದಿಟ್ಟಿದ್ದಾನೆ. ತಮಿಳು ಸೀಮೆಯ ಚಕ್ಕಿಲಿಯರ ಹೆಸರನ್ನೇ ಇಂಗ್ಲಿಷರು 'ಚಕ್ಲರ್' ಮಾಡಿಕೊಂಡು ಚರ್ಮದ ಕೆಲಸದವರಿಗೆಲ್ಲ ಅಂಟಿಸಿದರು. ಟಿಪ್ಪುವಿನ ರಾಕೆಟ್ ಅಂತ ಎದೆ ಉಬ್ಬಿಸ್ತೀವಲ್ಲ, ಆ ಕಬ್ಬಿಣದ ಕೊಳವೆಯನ್ನು ಬಿದಿರಿಗೆ ಬಿಗಿದದ್ದೂ ಚರ್ಮದ ಪಟ್ಟಿಯೇ.

ಈಗ ವೆಲ್ಲೂರಿಗೆ ಬನ್ನಿ. ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆ ಅದು. ಮದರಾಸು ಸೈನ್ಯದ ಸೇನಾಧಿಪತಿ ಕ್ರ್ಯಾಡಕ್ ಸಿಪಾಯಿಗಳಿಗೆ ಹೊಸ ಪೇಟ ತಂದ. ಗಡ್ಡ ತೆಗೀರಿ, ಹಣೆಯ ನಾಮ ಅಳಿಸಿ ಅಂದ. ಆ ಪೇಟಕ್ಕೆ ಚರ್ಮದ ತುರಾಯಿ ಇತ್ತು. ತಲೆ ಮೇಲೆ ಚರ್ಮವಾ, ಜಾತಿ ಕೆಡಿಸಿ ಕಿರಿಸ್ತಾನರನ್ನಾಗಿ ಮಾಡ್ತಾರೆ ಅಂತ ಸಿಟ್ಟು ಹೊತ್ತಿಕೊಂಡಿತು. 1806ರ ಜುಲೈ 10ರ ನಸುಕಲ್ಲಿ ದಂಗೆ. ಬೇರೆ ಕಾರಣಗಳೂ ಇದ್ದವು, ಆ ಬಂಡಾಯವನ್ನು ನಾನು ಸಣ್ಣದು ಮಾಡ್ತಿಲ್ಲ. ಕೇಳೋದು ಇಷ್ಟೇ: ಅದೇ ಸಿಪಾಯಿಗಳ ಎದೆ ಮೇಲೆ ಅಡ್ಡಕ್ಕೆ ಚರ್ಮದ ಪಟ್ಟಿ ಇತ್ತು, ಪಕ್ಕದಲ್ಲಿ ಚರ್ಮದ ತೋಟಾ ಚೀಲ ಇತ್ತು. ಅದರ ಬಗ್ಗೆ ಮೈಲಿಗೆಯ ಮಾತೇ ಇಲ್ಲ. ಜೀವ ಉಳಿಸೋ ಚರ್ಮ ಮಡಿ, ತಲೆಗೇರಿದ ಚರ್ಮ ಮೈಲಿಗೆ. ಹೊಲಿದವನು ಮಾತ್ರ ಎರಡಕ್ಕೂ ಊರ ಹೊರಗೆ.

ನಮ್ಮಲ್ಲೂ ಕೆಲವರು, ಈ ಚರ್ಮದ ಮಾತು ಯಾಕೆ, ಸಿಪಾಯಿಗಳ ಬಗ್ಗೆ ಬರೀರಿ ಅಂತಾರೆ. ಸತ್ತ ದನ ಹೊರಬೇಡಿ ಅಂತ ಬಾಬಾಸಾಹೇಬರು ಹೇಳಿದ್ದು ಸರಿ, ನಮ್ಮಪ್ಪ ಬಿಟ್ಟದ್ದೂ ಸರಿ. ಕಸುಬು ಬಿಡೋದು ಬೇರೆ, ಅದರ ಚರಿತ್ರೆಯನ್ನೂ ಮೋರಿಗೆ ಎಸೆಯೋದು ಬೇರೆ. ಒಳಮೀಸಲಾತಿ ಜಗಳದಲ್ಲಿ ಒಬ್ಬರನ್ನೊಬ್ಬರು ಇದೇ ಕಸುಬಿನ ಹೆಸರು ಹಿಡಿದು ಹಂಗಿಸೋದನ್ನು ಓದಿದಾಗಂತೂ ಹೊಟ್ಟೆ ಉರಿಯುತ್ತೆ.

ದಂಗೆಯ ನಂತರ ಕ್ರ್ಯಾಡಕ್‌ನನ್ನೂ ಗವರ್ನರ್ ಬೆಂಟಿಂಕ್‌ನನ್ನೂ ವಾಪಸ್ ಕರೆಸಿಕೊಂಡರು, ಪೇಟದ ಹುಕುಂ ರದ್ದಾಯಿತು. ತೋಟಾ ಚೀಲ ಇದ್ದಲ್ಲೇ ಇತ್ತು. ಮುಂದೆ ಕಲ್ಲಿನ ಬದಲು ತಾಮ್ರದ ಕ್ಯಾಪ್ ಬಂತು, ಚಕಮಕಿ ಸಂಚಿ ಮೂಲೆ ಸೇರಿತು. ಆ ಕ್ಯಾಪ್ ಇಟ್ಟುಕೊಳ್ಳೋಕೆ ಇನ್ನೊಂದು ಪುಟ್ಟ ಚೀಲ ಬಂತು, ಅದೂ ಚರ್ಮದ್ದೇ.

ಜೈ ಭೀಮ್.